ಒಡೆದ ರೊಟ್ಟಿಗೆ ದುಡ್ಡು ವಾಪಸ್ ಇದೆಯಾ? ಆನ್‌ಲೈನ್ ಅಂಗಡಿಯ ನಿಯಮ ಬರೆಯುವ ಬಗೆ

ಕಲಬುರಗಿಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ತೊಗರಿ ಬೇಳೆ, ಬೀದರಿನ ಬಿದ್ರಿ ಸಾಮಾನು ಈಗ ಪುಣೆ, ಹೈದರಾಬಾದ್, ಬೆಂಗಳೂರಿಗೆ ಕೊರಿಯರ್‌ನಲ್ಲಿ ಹೋಗುತ್ತಿವೆ. ವೆಬ್‌ಸೈಟ್ ಮಾಡಿಸಿ, ಚೆಂದದ ಫೋಟೊ ಹಾಕಿದವರು ‘ನಿಯಮ ಮತ್ತು ಷರತ್ತು’ ಪುಟಕ್ಕೆ ಬಂದಾಗ ಮಾತ್ರ ಯಾವುದೋ ದೊಡ್ಡ ಕಂಪನಿಯ ಪುಟವನ್ನು ಎತ್ತಿ ಅಂಟಿಸಿಬಿಡುತ್ತಾರೆ. ಅದರಲ್ಲಿ ಅಂಗಿಯ ಅಳತೆ ಬದಲಿಸಿಕೊಡುವ ಮಾತಿರುತ್ತದೆ, ರೊಟ್ಟಿ ಒಡೆದರೆ ಏನು ಎಂಬುದಿರುವುದಿಲ್ಲ. ‘30 ದಿನದೊಳಗೆ ವಾಪಸ್’ ಎಂಬ ಸಾಲೂ ಜೊತೆಗೆ ಬಂದಿರುತ್ತದೆ. ಪ್ರಕಟಿಸಿದವರು ನೀವು. 28ನೇ ದಿನ ಅರ್ಧ ಖಾಲಿಯಾದ ಹಿಂಡಿ ಡಬ್ಬಿ ತಿರುಗಿ ಬಂದರೆ ಆ ಸಾಲು ನಿಮ್ಮನ್ನೇ ಕಟ್ಟಿಹಾಕುತ್ತದೆ.

ಮೊದಲು ಪಾರ್ಸಲ್ ಹೋಗುವ ದಾರಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಆರ್ಡರ್, ಹಣ, ಪ್ಯಾಕಿಂಗ್, ಕೊರಿಯರ್, ಮನೆ ಬಾಗಿಲು, ದೂರು, ಹೀಗೆ ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ: ಇಲ್ಲಿ ಕೆಟ್ಟರೆ ಹೊಣೆ ಯಾರದು? ಎಷ್ಟು ದಿನದೊಳಗೆ ಸರಿಮಾಡುತ್ತೀರಿ? ಖರ್ಚು ಯಾರದು? ಈ ಉತ್ತರಗಳೇ ನಿಮ್ಮ ನಿಯಮ. ಭಾಷೆ ಆಮೇಲೆ ತಿದ್ದಬಹುದು.

ನೀವು ಯಾರೆಂದು ತಿಳಿಸಿ

ಗ್ರಾಹಕ ಸಂರಕ್ಷಣಾ (ಇ–ಕಾಮರ್ಸ್) ನಿಯಮಗಳು 2020ರ ಪ್ರಕಾರ ಅಂಗಡಿಯ ಕಾನೂನುಬದ್ಧ ಹೆಸರು, ವಿಳಾಸ, ಇಮೇಲ್, ಫೋನ್ ನಂಬರ್ ಕಣ್ಣಿಗೆ ಬೀಳುವಂತಿರಬೇಕು. ಬೋರ್ಡಿನ ಹೆಸರು ಒಂದು, ಬ್ಯಾಂಕ್ ಖಾತೆಯ ಹೆಸರು ಇನ್ನೊಂದು ಇದ್ದರೆ ಎರಡನ್ನೂ ಬರೆಯಿರಿ. ಯುಪಿಐ ಕಳಿಸುವಾಗ ಬೇರೆ ಹೆಸರು ಕಂಡರೆ ಗ್ರಾಹಕರು ಅಲ್ಲೇ ಹಿಂದೆ ಸರಿಯುತ್ತಾರೆ. ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ನಂಬರ್ ಬೇಕು.

ಬೆಲೆಯನ್ನು ತೆರಿಗೆ ಸೇರಿಸಿ ಒಟ್ಟು ಮೊತ್ತವಾಗಿ ತೋರಿಸಿ, ಕೊರಿಯರ್ ಖರ್ಚನ್ನು ಬಿಡಿಸಿ ಹೇಳಿ. ಪ್ಯಾಕ್ ಮಾಡಿದ ಸಾಮಾನಿಗೆ ಎಂಆರ್‌ಪಿ ಮತ್ತು ನಿವ್ವಳ ತೂಕ ವೆಬ್‌ಸೈಟಿನಲ್ಲೂ ಕಾಣಬೇಕು. ಡಬ್ಬಿಯ ತೂಕ ಸೇರಿಸಿ ಅರ್ಧ ಕೆ.ಜಿ. ಎನ್ನುವಂತಿಲ್ಲ.

ವಾಪಸಾತಿ: ಒಂದೊಂದು ಸಾಮಾನಿಗೆ ಒಂದೊಂದು ನಿಯಮ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ‘ಒಮ್ಮೆ ಮಾರಿದ್ದನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸುವ ರೂಢಿ ನಮ್ಮ ಪೇಟೆಗಳಲ್ಲಿ ಹಳೆಯದು. ಆನ್‌ಲೈನ್ ಮಾರಾಟದಲ್ಲಿ ಇದು ನಡೆಯುವುದಿಲ್ಲ. ಸಾಮಾನು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ಹೇಳಿದಂತೆ ಇಲ್ಲದಿದ್ದರೆ ವಾಪಸ್ ಪಡೆಯಲು, ಹಣ ಕೊಡಲು ನಿರಾಕರಿಸುವಂತಿಲ್ಲ. ‘ಮನಸ್ಸಿಗೆ ಬರಲಿಲ್ಲ’ ಎಂಬ ಕಾರಣಕ್ಕೆ ತೆಗೆದುಕೊಳ್ಳುವುದು ಬಿಡುವುದು ನಿಮ್ಮಿಷ್ಟ, ಆದರೆ ಅದನ್ನು ಮೊದಲೇ ಹೇಳಿರಬೇಕು.

ಹಾಗಾದರೆ ರೊಟ್ಟಿಯಲ್ಲಿ ‘ಕೆಟ್ಟದ್ದು’ ಯಾವುದು? ಖಡಕ್ ರೊಟ್ಟಿ ಎಂದ ಮೇಲೆ ನಾಲ್ಕಾರು ಅಂಚು ಮುರಿಯುವುದು ಸಹಜ. ಎಷ್ಟು ಮುರಿದರೆ ನಿಮ್ಮ ಹೊಣೆ ಎಂಬುದಕ್ಕೆ ಗೆರೆ ಎಳೆಯಿರಿ: ‘25 ರೊಟ್ಟಿಯ ಕಟ್ಟಿನಲ್ಲಿ 5ಕ್ಕಿಂತ ಹೆಚ್ಚು ರೊಟ್ಟಿ ಎರಡು ಹೋಳಿಗಿಂತ ಹೆಚ್ಚಾಗಿ ಒಡೆದಿದ್ದರೆ, ತಲುಪಿದ 48 ಗಂಟೆಯೊಳಗೆ ಫೋಟೊ ಕಳಿಸಿ. ಒಡೆದಷ್ಟು ರೊಟ್ಟಿಯ ಹಣ ವಾಪಸ್ ಕೊಡುತ್ತೇವೆ ಅಥವಾ ಹೊಸ ಕಟ್ಟು ಕಳಿಸುತ್ತೇವೆ. ಒಡೆದ ರೊಟ್ಟಿ ತಿರುಗಿ ಕಳಿಸಬೇಕಿಲ್ಲ.’ ಕೊನೆಯ ಸಾಲು ಬಿಡಬೇಡಿ. ಒಡೆದ ರೊಟ್ಟಿ ತರಿಸಿಕೊಳ್ಳುವ ಕೊರಿಯರ್ ಖರ್ಚು ರೊಟ್ಟಿಗಿಂತ ಹೆಚ್ಚಾಗುತ್ತದೆ. ಪೆಟ್ಟಿಗೆ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ದೂರೇ ಕೇಳುವುದಿಲ್ಲ ಎಂಬ ಷರತ್ತು ಬೇಡ. ಪಾರ್ಸಲ್ ಪಡೆದವರು ಪಕ್ಕದ ಮನೆಯ ಅಜ್ಜಿ ಇರಬಹುದು.

ಹಿಂಡಿಗೆ ಬೇರೆ ಮಾತು. ಸೀಲ್ ಒಡೆದ ಡಬ್ಬಿ ವಾಪಸ್ ಇಲ್ಲ ಎನ್ನಬಹುದು, ಆದರೆ ಎಣ್ಣೆಯ ಕಮಟು ವಾಸನೆ, ಬೂಷ್ಟು ತಿಳಿಯುವುದೇ ಸೀಲ್ ತೆಗೆದ ಮೇಲೆ. ಆ ಎರಡನ್ನು ಈ ನಿಯಮದಿಂದ ಹೊರಗಿಡಿ. ಬೇಳೆಯಲ್ಲಿ ಹುಳ ಕಂಡರೆ ಎಷ್ಟು ದಿನದೊಳಗೆ ತಿಳಿಸಬೇಕು ಎಂಬುದೂ ಇರಲಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಬೇರೆ ಕಡೆಯ ಬೇಳೆ ಬೆರೆಸಿ ಆ ಹೆಸರಿನಲ್ಲಿ ಮಾರಿದರೆ ‘ಹೇಳಿದಂತೆ ಇಲ್ಲ’ ಎಂಬ ದೂರು ನ್ಯಾಯವಾದದ್ದೇ.

ಬಿದ್ರಿಯಲ್ಲಿ ಜಗಳ ಹುಟ್ಟುವುದು ಕುಸುರಿಯ ಬಗ್ಗೆ. ಹೀಗೆ ಬರೆಯಿರಿ: ‘ಇದು ಕೈಕೆಲಸ. ಬೆಳ್ಳಿ ಗೆರೆಯಲ್ಲಿ ಫೋಟೊಗೂ ಸಾಮಾನಿಗೂ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು. ಬೆಳ್ಳಿ ಎದ್ದು ಬಂದಿದ್ದರೆ, ಬಿರುಕಿದ್ದರೆ, ಕಪ್ಪು ಅಲ್ಲಲ್ಲಿ ಹೋಗಿದ್ದರೆ 7 ದಿನದೊಳಗೆ ತಿಳಿಸಿ; ತರಿಸಿಕೊಳ್ಳುವ ಖರ್ಚು ನಮ್ಮದು.’ ಬಿದ್ರಿ ಸತು–ತಾಮ್ರದ ಮಿಶ್ರಲೋಹ. ಹುಣಸೆಹಣ್ಣು, ನಿಂಬೆ ಹಚ್ಚಿ ತಿಕ್ಕಿದರೆ ಹುಳಿಗೆ ಸತು ಕರಗಿ ಕಪ್ಪು ಹೊಳಪು ಹಾಳಾಗುತ್ತದೆ. ಹಾಗೆ ಹಾಳಾದರೆ ಹೊಣೆ ನಿಮ್ಮದಲ್ಲ ಎಂದು ಬರೆಯಿರಿ, ಆದರೆ ತಿಕ್ಕಬಾರದೆಂಬ ಚೀಟಿಯೂ ಪೆಟ್ಟಿಗೆಯಲ್ಲಿರಲಿ. ಹೇಳದೆ ಹೊಣೆ ಹೊರಿಸುವುದು ತಪ್ಪು.

ತಲುಪುವ ದಿನ, ರದ್ದತಿ

ಹೇಳಿದ ದಿನ ತಪ್ಪಿ ಬಂದ ಸಾಮಾನನ್ನೂ ಗ್ರಾಹಕರು ವಾಪಸ್ ಕೊಡಬಹುದು. ನೆರೆಯಂಥ, ಯಾರ ಕೈಯಲ್ಲೂ ಇಲ್ಲದ ಕಾರಣಕ್ಕಷ್ಟೇ ವಿನಾಯಿತಿ. ಆಸೆಗೆ ‘3 ದಿನದಲ್ಲಿ’ ಎಂದು ಬರೆಯಬೇಡಿ. ರೊಟ್ಟಿ ಬಡಿಯುವ ದಿನ ಎಷ್ಟು, ಕೊರಿಯರ್ ದಿನ ಎಷ್ಟು, ಎರಡನ್ನೂ ಕೂಡಿಸಿ, ಇನ್ನೆರಡು ದಿನ ಸೇರಿಸಿ ಬರೆಯಿರಿ. ಯಾದಗಿರಿ ಜಿಲ್ಲೆಯ ಒಳಹಳ್ಳಿಯಿಂದ ಕಳಿಸುವವರು ಪಾರ್ಸಲ್ ಊರಿಂದ ಕೊರಿಯರ್ ಕಚೇರಿ ಮುಟ್ಟುವ ದಿನವನ್ನೂ ಎಣಿಸಬೇಕು.

ಆರ್ಡರ್ ರದ್ದು ಮಾಡಿದ ಗ್ರಾಹಕರಿಗೆ ದಂಡ ಹಾಕಬೇಕೆಂದರೆ, ನೀವೇ ರದ್ದು ಮಾಡಿದಾಗಲೂ ಅಂಥದ್ದೇ ದಂಡ ಹೊರಬೇಕು. ಸಣ್ಣ ಅಂಗಡಿಗೆ ಸರಳ ದಾರಿ: ‘ಪ್ಯಾಕ್ ಆಗುವ ಮುನ್ನ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್.’ ಕ್ಯಾಶ್ ಆನ್ ಡೆಲಿವರಿಯಲ್ಲಿ ಪಡೆದ ಸಾಮಾನಿನ ಹಣ ವಾಪಸ್ ಕೊಡಬೇಕಾದಾಗ ಅದು ಯುಪಿಐಗೋ ಬ್ಯಾಂಕ್ ಖಾತೆಗೋ, ಎಷ್ಟು ದಿನದಲ್ಲಿ ಬರುತ್ತದೆ ಎಂಬುದನ್ನೂ ಹೇಳಿ.

ದೂರು ಮತ್ತು ಕೋರ್ಟು

ದೂರು ಕೇಳುವವರ ಹೆಸರು, ಫೋನ್ ಕೊಡಿ. ದೂರು ಮುಟ್ಟಿದೆ ಎಂಬ ಉತ್ತರ 48 ಗಂಟೆಯೊಳಗೆ, ಪರಿಹಾರ ಒಂದು ತಿಂಗಳೊಳಗೆ ಆಗಬೇಕು. ಮನೆಯವರೇ ನೋಡಿಕೊಳ್ಳುವ ಅಂಗಡಿಯಾದರೆ ಆ ಹೆಸರು ನಿಮ್ಮದೇ ಇರಲಿ. ಪ್ರತಿ ದೂರಿಗೂ ಒಂದು ನಂಬರ್ ಕೊಡಬೇಕು. ನೋಟ್‌ಬುಕ್ಕಿನ ಕ್ರಮಸಂಖ್ಯೆಯಾದರೂ ಸಾಕು.

‘ತಕರಾರಿದ್ದರೆ ಕಲಬುರಗಿ ಕೋರ್ಟಿನಲ್ಲೇ’ ಎಂಬ ಸಾಲನ್ನು ನಂಬಿ ಕೂರಬೇಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೇ ದೂರು ಕೊಡಬಹುದು. ಪುಣೆಯ ಗ್ರಾಹಕರ ದೂರಿಗೆ ಪುಣೆಯಲ್ಲೇ ಉತ್ತರಿಸಬೇಕಾದೀತು.

ಒಪ್ಪಿಗೆ ಪಡೆಯುವುದು

ಒಪ್ಪಿಗೆಯ ಚೌಕದಲ್ಲಿ ನೀವೇ ಮೊದಲು ಟಿಕ್ ಹಾಕಿಡುವಂತಿಲ್ಲ, ಗ್ರಾಹಕರೇ ಹಾಕಬೇಕು. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಪಡೆಯುವವರು ಹಣ ಕೇಳುವ ಮುನ್ನವೇ ನಿಯಮದ ಲಿಂಕ್ ಕಳಿಸಿ ‘ಒಪ್ಪಿಗೆ’ ಎಂಬ ಉತ್ತರ ತರಿಸಿಕೊಳ್ಳಲಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕಿದರೆ, ಅರ್ಥ ಬೇರೆಯಾದಾಗ ಯಾವುದು ಅಂತಿಮ ಎಂದು ತಿಳಿಸಿ. ಪುಟದ ಮೇಲೆ ಜಾರಿಯಾದ ದಿನಾಂಕ ಹಾಕಿ. ತಿದ್ದಿದಾಗ ಹಳೆಯ ಪ್ರತಿಯನ್ನು ಅಳಿಸದೆ ಪಿಡಿಎಫ್ ಮಾಡಿಟ್ಟುಕೊಳ್ಳಿ: ದೂರು ಬಂದಾಗ ಲೆಕ್ಕಕ್ಕೆ ಬರುವುದು ಆರ್ಡರ್ ಮಾಡಿದ ದಿನ ಜಾರಿಯಲ್ಲಿದ್ದ ನಿಯಮ.