ಕತ್ತು ನೋವಿಗೆ ನಾನು ಮೊದಲು ಕೇಳುವುದು ಫೋಟೋ

ತುಮಕೂರಿನಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಕತ್ತು ನೋವು ಅಂತ ಬರುವವರಲ್ಲಿ ಆಫೀಸಿನವರೇ ಜಾಸ್ತಿ. ಬಂದ ತಕ್ಷಣ ಎಕ್ಸ್‌ರೇ ಕವರ್ ಮುಂದಿಟ್ಟು 'ಸವೆತ ಅಂತೆ ಸಾರ್' ಅನ್ನುತ್ತಾರೆ. 40 ದಾಟಿದವರ ಕತ್ತಿನಲ್ಲಿ ಸವೆತ ಮಾಮೂಲು. ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಅದು ಕಾಣುತ್ತದೆ. ಅದಕ್ಕೇ ನಾನು ಕೆಲಸ ಮಾಡುವಾಗಿನ ಫೋಟೋ ಕೇಳುತ್ತೇನೆ. ಯಾವಾಗಲಾದರೂ ಪಕ್ಕದಿಂದ ತೆಗೆಯಲು ಜೊತೆಯವರಿಗೆ ಹೇಳಿಟ್ಟರೆ ಸಾಕು. ಎದುರಿಗೆ ಹೇಳಿ ತೆಗೆದರೆ ಎಲ್ಲರೂ ನೆಟ್ಟಗೆ ಕೂತುಬಿಡುತ್ತಾರೆ, ಅಲ್ವಾ?

ಲೆಕ್ಕಪತ್ರ ನೋಡುವ ಮೇಡಂ ಒಬ್ಬರು ಇದ್ದರು. ಮಾನಿಟರ್ ಕಣ್ಣಿನ ಮಟ್ಟಕ್ಕೆ ಇರಬೇಕು ಅಂತ ಯಾರೋ ಹೇಳಿದ್ದರಂತೆ. ಹಳೆ ಲೆಡ್ಜರ್‌ಗಳ ಮೇಲೆ ಏರಿಸಿಟ್ಟಿದ್ದರು. ನೋವು ಇನ್ನೂ ಜಾಸ್ತಿಯಾಗಿತ್ತು. ಫೋಟೋದಲ್ಲಿ ಕಾರಣ ಸಿಕ್ಕಿತು. ಅವರದು ಬೈಫೋಕಲ್ ಕನ್ನಡಕ. ಹತ್ತಿರದ್ದನ್ನು ಓದುವ ಗಾಜು ಕೆಳಗಿರುತ್ತದೆ. ಅದರೊಳಗಿಂದ ಸ್ಕ್ರೀನ್ ನೋಡಲು ದಿನವಿಡೀ ಗದ್ದ ಮೇಲೆತ್ತಿ, ಕತ್ತನ್ನು ಹಿಂದಕ್ಕೆ ಮಡಿಸಿ ಕೂರುತ್ತಿದ್ದರು. ಲೆಡ್ಜರ್ ತೆಗೆಸಿ ಸ್ಕ್ರೀನ್ ಕೆಳಗಿಳಿಸಿದೆವು. ಕಂಪ್ಯೂಟರ್ ದೂರಕ್ಕೆ ಬೇರೆ ಕನ್ನಡಕ ಮಾಡಿಸಲು ಹೇಳಿದೆ. ಕೆಲವು ವಾರಗಳಲ್ಲಿ ನೋವು ತಗ್ಗಿತು. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅನ್ನುವ ಲೆಕ್ಕ ಇಂಥ ಕನ್ನಡಕ ಇಲ್ಲದವರಿಗೆ ಸರಿ.

ಲ್ಯಾಪ್‌ಟಾಪಿನವರದು ಇದಕ್ಕೆ ಉಲ್ಟಾ. ತಲೆಯ ತೂಕ ಸುಮಾರು 5 ಕೆಜಿ. ಅಷ್ಟು ತೂಕದ ಹಿಟ್ಟಿನ ಚೀಲವನ್ನು ಎದೆಗೊತ್ತಿ ಹಿಡಿಯಿರಿ, ಆಮೇಲೆ ಕೈ ಚಾಚಿ ಹಿಡಿಯಿರಿ. ತಲೆ ಮುಂದೆ ಬಾಗಿದಾಗ ಕತ್ತಿನ ಹಿಂದಿನ ಸ್ನಾಯುಗಳ ಪಾಡೂ ಅದೇ. ಲ್ಯಾಪ್‌ಟಾಪ್ ಎತ್ತರಿಸಿದರೆ ಕೈ ಮೇಲೆ ಹೋಗುತ್ತದೆ, ಹೆಗಲು ಬಿಗಿಯುತ್ತದೆ. ಬೇರೆ ಕೀಬೋರ್ಡ್, ಮೌಸ್ ಕೊಳ್ಳದೆ ಗತಿಯಿಲ್ಲ.

ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರಿಗೆ ಆಫೀಸಿನ ಕುರ್ಚಿ ಸರಿಮಾಡಿದರೂ ಸಾಲದು. ಒಂದು ಕಡೆಗೆ ಸುಮಾರು 70 ಕಿ.ಮೀ., ಅಷ್ಟು ಹೊತ್ತೂ ಮೊಬೈಲ್ ಮೇಲೆ ಬಗ್ಗಿದ ತಲೆ. ಬ್ಯಾಗನ್ನು ತೊಡೆ ಮೇಲಿಟ್ಟು, ಅದರ ಮೇಲೆ ಮೊಣಕೈ ಊರಿ, ಮೊಬೈಲನ್ನು ಮುಖದ ಕಡೆಗೆ ಎತ್ತಿಕೊಳ್ಳಿ ಅನ್ನುತ್ತೇನೆ. ನಿದ್ದೆ ಮಾಡಿದರೆ ಇನ್ನೂ ಒಳ್ಳೆಯದು, ತಲೆ ಒರಗಿಸಲು ಜಾಗ ಸಿಕ್ಕರೆ!

ವ್ಯಾಯಾಮ ನಾನು ಕಡಿಮೆಯೇ ಹೇಳಿಕೊಡುವುದು. ನೇರ ನೋಡುತ್ತಾ ಗದ್ದವನ್ನು ಹಿಂದಕ್ಕೆ ಎಳೆದು ಐದೆಣಿಸಿ ಬಿಡುವುದು, ಅಷ್ಟೇ. ಅದಕ್ಕಿಂತ ಮುಖ್ಯ, ಅರ್ಧ ಗಂಟೆಗೊಮ್ಮೆ ಎದ್ದೇಳುವುದು. ಸುಮ್ನೆ ಹೇಳಿದರೆ ಯಾರೂ ಏಳುವುದಿಲ್ಲ. ನೀರಿನ ಬಾಟಲಿಯನ್ನು ಮೇಜಿನಿಂದ ದೂರ ಇಡಿಸುತ್ತೇನೆ.

ಕಟಿಂಗ್ ಶಾಪಿನಲ್ಲಿ ಕತ್ತು ತಿರುಚಿ ಲಟಿಕೆ ತೆಗೆಸುವುದನ್ನು ಮಾತ್ರ ಖಡಾಖಂಡಿತ ಬೇಡ ಅನ್ನುತ್ತೇನೆ. ಅಪರೂಪಕ್ಕಾದರೂ ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯು ಆಗಿಬಿಡಬಹುದು. ಕೈ ಜೋಮು ಹಿಡಿಯುತ್ತಿದ್ದರೆ, ಹಿಡಿದ ವಸ್ತು ಜಾರುತ್ತಿದ್ದರೆ, ನಡೆ ತಡವರಿಸುತ್ತಿದ್ದರೆ ಅಥವಾ ಬಿದ್ದ ಮೇಲೆ ನೋವು ಶುರುವಾಗಿದ್ದರೆ ಫೋಟೋನೂ ಕೇಳುವುದಿಲ್ಲ, ಕತ್ತಿಗೆ ಕೈಯನ್ನೂ ಹಾಕುವುದಿಲ್ಲ. ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ.