ಹಳೇ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್: ರಿಪೇರಿನೋ, ಹೊಸದೋ?
ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ಅಂದರೆ ಚಾರ್ಜ್ ಆದ ತೆಳು ಫಿಲ್ಮ್ ಅಲುಗಿ ಸದ್ದು ಮಾಡುವ, ಅದಕ್ಕಾಗಿ ಕರೆಂಟ್‌ಗೂ ಪ್ಲಗ್ ಹಾಕುವ ಸ್ಪೀಕರ್. ಒಂದು ಕಡೆ ಸದ್ದು ಕಮ್ಮಿಯಾಗಿದ್ದರೆ ಮೊದಲು ಆಂಪ್ಲಿಫೈಯರ್ ಹತ್ತಿರ ಎಡ-ಬಲ ವೈರ್ ಅದಲುಬದಲು ಮಾಡಿ. ಆಮೇಲೂ ಅದೇ ಸ್ಪೀಕರ್ ಸೊರಗಿದ್ದರೆ, ಮೋನೋದಲ್ಲಿ (ಎರಡೂ ಕಡೆ ಒಂದೇ ಸದ್ದು ಬರುವಂತೆ) ಒಂದು ಹಾಡು ಹಾಕಿ, ಎರಡೂ ಸ್ಪೀಕರ್‌ಗಳ ಕರೆಂಟ್ ಪ್ಲಗ್ ಒಟ್ಟಿಗೇ ಕಿತ್ತುಬಿಡಿ. ಹಾಡು ತಕ್ಷಣ ನಿಲ್ಲುವುದಿಲ್ಲ. ಒಳಗಿನ ತೆಳು ಫಿಲ್ಮ್ ಮೇಲಿನ ಚಾರ್ಜ್ ಇಳಿಯುವವರೆಗೆ ಸದ್ದು ಬರುತ್ತಲೇ ಇರುತ್ತದೆ. ಸೊರಗಿದ್ದೂ ಇನ್ನೊಂದರಷ್ಟೇ ನಿಧಾನವಾಗಿ ಇಳಿದರೆ ಪ್ಯಾನೆಲ್ (ಆ ಫಿಲ್ಮ್ ಇರುವ ಭಾಗ) ಬಹುಶಃ ಚೆನ್ನಾಗಿದೆ, ವೋಲ್ಟೇಜ್ ಕೊಡುವ ಬೋರ್ಡ್‌ನ ಡಯೋಡ್, ಕೆಪಾಸಿಟರ್ ಹಳೆಯದಾಗಿವೆ. ಅದು ಸಣ್ಣ ರಿಪೇರಿ, ಖಂಡಿತ ಮಾಡಿಸಿ. ಬೇಗ ಇಳಿದರೆ ಚಾರ್ಜ್ ಎಲ್ಲೋ ಸೋರುತ್ತಿದೆ. ಪ್ಲಗ್ ತೆಗೆದು ಒಂದು ರಾತ್ರಿ ಬಿಟ್ಟು, ಹೊರಗಿನಿಂದಲೇ ವ್ಯಾಕ್ಯೂಮ್ ಹಾಕಿ ನೋಡಿ. ಎಷ್ಟೋ ಸಲ ಧೂಳೇ ಕಾರಣ. ಅದಕ್ಕೂ ಸರಿಹೋಗದೆ, ಹಾಡಿಲ್ಲದಾಗಲೂ ಟಿಕ್ ಟಿಕ್ ಅಂತಿದ್ದರೆ ಪ್ಯಾನೆಲ್ಲನ್ನೇ ರಿಪೇರಿ ಮಾಡಿಸಬೇಕು. ಕ್ವಾಡ್ ಕಂಪನಿಯ 1957ರ ಇಎಸ್‌ಎಲ್, 1981ರ ಇಎಸ್‌ಎಲ್-63 ಥರದವುಗಳಿಗೆ ಪ್ಯಾನೆಲ್ ಮತ್ತೆ ಕಟ್ಟಿಕೊಡುವವರು ಇವತ್ತಿಗೂ ಇದ್ದಾರೆ, ಅವನ್ನು ಸುಮ್ನೆ ಬಿಸಾಡಬೇಡಿ. ಎರಡೂ ಕಡೆ ಪ್ಯಾನೆಲ್ ಹೋಗಿ, ಆ ಮಾಡೆಲ್‌ಗೆ ಬಿಡಿಭಾಗವೇ ಸಿಗದಿದ್ದರೆ ಮಾತ್ರ ಬದಲಾಯಿಸಿ. ಎರಡೂ ಒಂದೇ ಸಮ ಸವೆದಿದ್ದರೆ ಈ ಪ್ಲಗ್ ಕೀಳುವ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ, ಹೋಲಿಸಲು ಒಳ್ಳೆಯದೊಂದು ಬೇಕಲ್ವಾ? ಮಳೆಗಾಲದ ತೇವದಲ್ಲೂ ಮಾಡಬೇಡಿ, ಒಳ್ಳೇ ಪ್ಯಾನೆಲ್ ಕೂಡ ಸೋರುತ್ತದೆ. ಹಿಂದಿನ ಮುಚ್ಚಳವನ್ನಂತೂ ನೀವಾಗಿ ಬಿಚ್ಚಲೇಬೇಡಿ. ಇಎಸ್‌ಎಲ್-63 ಒಳಗೆ 5,000 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.