ಫರ್ಸಿ ಮಾಳಿಗೆ ಸೋರೋದು ನಿಂತಿತು: ಸುಣ್ಣ, ಸುರ್ಕಿ ಮತ್ತು ನನ್ನ ಪುಸ್ತಕದ ಕಪಾಟು

ಮಾಳಿಗೆ ರಿಪೇರಿ ಆದಮೇಲೆ ಎರಡು ಮಳೆಗಾಲ ಕಳೆಯಲಿ, ಆಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ಮೊದಲನೇ ಮಳೆಗಾಲ ಮುಗಿದಾಗ "ಈ ಸಲ ಮಳೀನೇ ಕಡಿಮಿ ಬಿಡ್ರಿ, ಅದಕ್ಕೇ ಸೋರಿಲ್ಲ" ಅಂದವರಿದ್ದರು. ಈ ಸಲ ಸೆಪ್ಟೆಂಬರಿನಲ್ಲಿ ಮೂರು ದಿನ ಬಿಡದೆ ಹೊಡೆಯಿತು. ನನ್ನ ಕಪಾಟಿನ ಮೇಲೆ ಒಂದು ಹನಿ ಬೀಳಲಿಲ್ಲ. ಈಗ ಯಾರ ಮುಂದೆ ಬೇಕಾದರೂ ಹೇಳ್ತೀನಿ.

ನಮ್ಮದು ಕಲಬುರಗಿಯ ಹಳೇ ಓಣಿಯ ಮನೆ. ಅಜ್ಜನ ಕಾಲದ್ದು. ಗರ್ಡರ್ ಮೇಲೆ ಶಹಾಬಾದ್ ಫರ್ಸಿ, ಅಂದರೆ ಚಪ್ಪಡಿ ಕಲ್ಲು, ಹಾಸಿದ ಮಾಳಿಗೆ. ಇಂಥ ಮನೆಯಲ್ಲಿ ಇದ್ದವರಿಗೆ ಸಂದು ಸೋರುವ ಕಥೆ ಹೊಸದಲ್ಲ. ಅಡುಗೆಮನೆಯಲ್ಲೋ ಪಡಸಾಲೆಯಲ್ಲೋ ಸೋರಿದ್ದರೆ ನಾನೂ ಒಂದು ಬಕೆಟ್ ಇಟ್ಟು ಸುಮ್ಮನಾಗುತ್ತಿದ್ದೆ. ಇದು ಸೋರುತ್ತಿದ್ದದ್ದು ಸರಿಯಾಗಿ ನನ್ನ ಪುಸ್ತಕದ ಕಪಾಟಿನ ನೆತ್ತಿ ಮೇಲೆ. ಅದರಲ್ಲಿ ಮೂವತ್ತು ವರ್ಷದಿಂದ ಕೂಡಿಸಿಟ್ಟ ದೀಪಾವಳಿ ವಿಶೇಷಾಂಕಗಳು, ಅಪ್ಪ ಬೈಂಡ್ ಮಾಡಿಸಿದ ವಚನ ಸಂಪುಟಗಳು, ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಕೊಂಡ ಒಂದು ರಾಶಿ ಪತ್ತೇದಾರಿ ಕಾದಂಬರಿ ಇವೆ. ಕಪಾಟು ಬೇರೆ ಕಡೆ ಸರಿಸಬಹುದಿತ್ತಲ್ಲ ಅಂತೀರಾ? ಗೋಡೆಯಲ್ಲೇ ಕಟ್ಟಿದ ಕಪಾಟು ಅದು.

ಮೊದಲು ದುಡ್ಡು ಹಾಳು ಮಾಡಿದ್ದು ಹೇಳ್ತೀನಿ. ಒಂದನೇ ವರ್ಷ ಸಂದುಗಳಿಗೆಲ್ಲ ಸಿಮೆಂಟು, ಅದರೊಳಗೆ ನೀರು ತಡೆಯುವ ಔಷಧಿ. ಗೌಂಡಿ ಕೂಲಿ ಸೇರಿ ಸುಮಾರು ಮೂರು ಸಾವಿರ. ಮೊದಲ ದೊಡ್ಡ ಮಳೆಗೇ ಸೋರಿತು. ಎರಡನೇ ವರ್ಷ ಬಿಳಿ ವಾಟರ್‌ಪ್ರೂಫ್ ಪೇಂಟು, ಒಂದು ಡಬ್ಬಿಗೆ ಐದೂವರೆ ಸಾವಿರ. ಬೇಸಿಗೆ ಮುಗಿಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದಿತು. ಮೂರನೇ ವರ್ಷ ಒಬ್ಬ ಕಾಂಟ್ರಾಕ್ಟರ್ ಬಂದು ಗ್ಯಾಸ್ ಬೆಂಕಿ ಹಿಡಿದು ಡಾಂಬರ್ ಶೀಟ್ ಅಂಟಿಸಿದ. ಒಂಬತ್ತೋ ಒಂಬತ್ತೂವರೆಯೋ ಸಾವಿರ. ಐದು ವರ್ಷ ಗ್ಯಾರಂಟಿ ಅಂದಿದ್ದ. ಎಂಟು ತಿಂಗಳಿಗೆ ಶೀಟಿನ ಅಂಚು ಎದ್ದು ಗಾಳಿಗೆ ಪಟಪಟ ಹೊಡೆಯತೊಡಗಿತು. ಅವನ ಫೋನು ಅವತ್ತಿಂದ ಇವತ್ತಿನವರೆಗೆ ಸ್ವಿಚ್ ಆಫ್.

ಒಟ್ಟು ಹದಿನೆಂಟು ಸಾವಿರ ಹೋದ ಮೇಲೆ ನನಗೆ ಬುದ್ಧಿ ಬಂತು. ಸೋರುವ ಜಾಗ ಯಾವುದು ಅಂತ ನಾವು ಯಾರೂ ಒಂದು ಸಲವೂ ಸರಿಯಾಗಿ ಹುಡುಕಿರಲಿಲ್ಲ. ಕಪಾಟಿನ ಮೇಲೆ ಹನಿ ಬೀಳುತ್ತದೆ, ಹಾಗಾಗಿ ಕಪಾಟಿನ ನೇರಕ್ಕೆ ಮೇಲಿರುವ ಸಂದು ಅಂದುಕೊಂಡಿದ್ದೆವು. ಇಷ್ಟು ಪತ್ತೇದಾರಿ ಕಾದಂಬರಿ ಓದಿದವನಿಗೆ ಹೊಳೆಯಬೇಕಿತ್ತು ಅಲ್ವಾ, ಹೆಣ ಸಿಕ್ಕ ಜಾಗದಲ್ಲೇ ಕೊಲೆ ಆಗಿರುತ್ತದೆ ಅಂತೇನಿಲ್ಲ.

ಹೊಲದಿಂದ ಒಂದು ಚೀಲ ಎರೆ ಮಣ್ಣು ತರಿಸಿದೆ. ಹಿಟ್ಟಿನ ಹಾಗೆ ನಾದಿ, ಒಂದೊಂದೇ ಸಂದಿನ ಸುತ್ತ ನಾಲ್ಕು ಬೆರಳು ಎತ್ತರ ಒಡ್ಡು ಕಟ್ಟಿದೆ. ಒಳಗೆ ನೀರು ನಿಲ್ಲಿಸಿ ಬಟ್ಟೆಗೆ ಹಾಕುವ ನೀಲಿ ಕಲಸಿದೆ. ದಿನಕ್ಕೆ ಎರಡು ಸಂದು, ಅಷ್ಟೇ. ಅವಸರ ಮಾಡಿದರೆ ಯಾವ ನೀರು ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ನನ್ನ ಹೆಂಡತಿ ಮೇಲೆ ಬಂದು ನೋಡಿ, "ಏನ್ ಮಾಡ್ಲತ್ತೀರಿ? ಮಾಳಗಿ ಮ್ಯಾಲ ಗದ್ದಿ ನಾಟಿ ಮಾಡ್ತೀರೇನು?" ಅಂದಳು. ಆರನೇ ದಿನ ಸಂಜೆ ಕಪಾಟಿನ ಮೇಲೆ ನೀಲಿ ಹನಿ ಬಿತ್ತು. ಅವತ್ತು ನೀರು ನಿಂತಿದ್ದದ್ದು ಕಪಾಟಿನಿಂದ ಎಂಟು ಅಡಿ ದೂರ, ಪ್ಯಾರಾಪೆಟ್ ಗೋಡೆಯ ಬುಡದ ಸಂದಿನಲ್ಲಿ! ಅಲ್ಲಿ ಇಳಿದು, ಗರ್ಡರಿನ ಮೇಲೆ ಹರಿದು, ಕಪಾಟಿಗೆ ಬಂದು ಬೀಳುತ್ತಿತ್ತು. ಒಂದು ವಿಶೇಷಾಂಕದ ರಟ್ಟಿನ ಮೇಲೆ ಆ ನೀಲಿ ಕಲೆ ಇನ್ನೂ ಇದೆ.

ಅದೇ ವಾರ ಇನ್ನೊಂದು ಕಣ್ಣಿಗೆ ಬಿತ್ತು. ಮಾಳಿಗೆಯ ಬಡಗಣ ಮೂಲೆ ಯಾವತ್ತೂ ಸೋರಿಲ್ಲ. ಅಲ್ಲಿ ಉಳಿಯಿಂದ ಕೆದರಿದರೆ ಸಿಮೆಂಟಲ್ಲ, ಹಳೇ ಸುಣ್ಣದ ಗಚ್ಚು. ಉಳಿದ ಕಡೆಯ ಗಚ್ಚನ್ನು ಅಪ್ಪನೇ ಇಪ್ಪತ್ತು ವರ್ಷದ ಹಿಂದೆ ತೆಗೆಸಿ ಸಿಮೆಂಟು ತುಂಬಿಸಿದ್ದರಂತೆ, ಗಟ್ಟಿ ಇರಲಿ ಅಂತ. ಆ ಗಟ್ಟಿತನವೇ ಮುಳುವಾಗಿದೆ. ನಮ್ಮ ಕಡೆ ಮೇ ತಿಂಗಳಲ್ಲಿ 42-43 ಡಿಗ್ರಿ. ಹಗಲು ಫರ್ಸಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸಿಮೆಂಟು ಅದರ ಜೊತೆ ಆಡುವುದಿಲ್ಲ, ಫರ್ಸಿಯ ಅಂಚು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು ನೀರಿಗೆ.

ಸುಣ್ಣದ ಗಾರೆ ಹಾಕೋಣ ಅಂತ ಗೌಂಡಿಗೆ ಹೇಳಿದೆ. ಅವನು ನಕ್ಕ. "ಸರ, ವಾಡಿ, ಸೇಡಂ, ಮಳಖೇಡ, ಎಲ್ಲಿ ನೋಡಿದ್ರೂ ಸಿಮೆಂಟ್ ಫ್ಯಾಕ್ಟರಿ. ಅಂಥಾ ಜಿಲ್ಲಾದಾಗ ಕುಂತು ಸುಣ್ಣಾ ಅಂತೀರಲ್ರಿ?" ನಮ್ಮ ಭಾವನವರು ಸಿವಿಲ್ ಡಿಪ್ಲೊಮಾ ಓದಿದವರು. ಅವರಂತೂ ಫೋನಿನಲ್ಲೇ ಹತ್ತು ನಿಮಿಷ ಪಾಠ ಮಾಡಿದರು.

ಮೊದಲ ಸಲ ಅವರೇ ಗೆದ್ದರು, ಒಪ್ಪಿಕೊಳ್ಳಬೇಕು. ನಾನು ಎರಡು ತಪ್ಪು ಮಾಡಿದ್ದೆ. ಗೋಡೆಗೆ ಬಳಿಯುವ ಸುಣ್ಣದ ಪುಡಿಯ ಚೀಲ ತಂದಿದ್ದೆ. ಎಷ್ಟು ದಿನದಿಂದ ಅಂಗಡಿಯಲ್ಲಿ ಗಾಳಿಗೆ ಕೂತಿತ್ತೋ, ಸತ್ತ ಸುಣ್ಣ. ಬೆರಳಿಂದ ಒತ್ತಿದರೆ ಉದುರುತ್ತಿತ್ತು. ಅದು ಸಾಲದೆಂದು ಕೆಲಸ ಮಾಡಿದ್ದು ಏಪ್ರಿಲ್ ಬಿಸಿಲಲ್ಲಿ. ಸಂಜೆಗೆ ಮೆತ್ತಿದ್ದು ಮರುದಿನ ಮಧ್ಯಾಹ್ನ ಒಣಗಿದ ಕೆರೆಯ ಹಾಗೆ ಸೀಳಿತ್ತು. ಎಂಟು ನೂರು ರೂಪಾಯಿ, ಒಂದು ವಾರದ ಬೆನ್ನು ನೋವು.

ಎರಡನೇ ಸಲ ಸಂಕ್ರಾಂತಿ ಮುಗಿಸಿ ಶುರು ಮಾಡಿದೆ. ಸುಟ್ಟ ಸುಣ್ಣದ ಕಲ್ಲನ್ನೇ ತಂದೆ, ಸುಮಾರು 40 ಕೆಜಿ. ಕಬ್ಬಿಣದ ಡ್ರಮ್ಮಿನಲ್ಲಿ ನೀರಿಗೆ ಹಾಕಿ ಅರಳಿಸಿದೆ. ಕುದಿಯುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ. ಇಪ್ಪತ್ತು ದಿನ ನೀರಲ್ಲೇ ಬಿಟ್ಟಾಗ ಬೆಣ್ಣೆಯಂತಾಯಿತು. ಸುರ್ಕಿಗೆ, ಅಂದರೆ ಇಟ್ಟಿಗೆ ಪುಡಿಗೆ, ಪಕ್ಕದ ಓಣಿಯಲ್ಲಿ ಕೆಡವಿದ ಮನೆಯ ಇಟ್ಟಿಗೆ ಪುಕ್ಕಟೆ ಸಿಕ್ಕಿತು. ಅದರಲ್ಲಿ ಅರೆಬೆಂದವನ್ನೇ ಆರಿಸಿ ಕುಟ್ಟಿ ಜರಡಿ ಹಿಡಿದೆ. ಕರ್ರಗೆ ಸುಟ್ಟ ಇಟ್ಟಿಗೆ ಬೇಡ, ಅದರಿಂದ ಹಿಡಿತ ಬರುವುದಿಲ್ಲ. ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಒಂದೂವರೆ ಪಾಲು ಮರಳು, ಅಂದಾಜು. ಕಲಸಿದ್ದು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಿನಲ್ಲಿ. ಅಳಲೆಕಾಯಿ ಎಷ್ಟು, ಎಷ್ಟು ದಿನ ನೆನೆಸಿದೆ, ಇನ್ನೊಂದು ಏನು ಹಾಕಿದೆ, ಅದು ನನ್ನ ಹತ್ತಿರವೇ ಇರಲಿ. ಮೂರು ತಿಂಗಳು ಡಬ್ಬಿ ಡಬ್ಬಿ ಪರೀಕ್ಷೆ ಮಾಡಿ ಕಲಿತದ್ದು. ಬೆಲ್ಲ ಜಾಸ್ತಿ ಮಾಡಬೇಡಿ ಅಂತ ಮಾತ್ರ ಹೇಳಬಲ್ಲೆ. ನಾನು ಜಾಸ್ತಿ ಮಾಡಿದ ಒಂದು ಸಂದಿಗೆ ಓಣಿಯ ಇರುವೆಗಳೆಲ್ಲ ಮೆರವಣಿಗೆ ಬಂದವು.

ಸಂದಿನ ಸಿಮೆಂಟು ಕೆದರುವುದೇ ದೊಡ್ಡ ಕೆಲಸ. ಕಟಿಂಗ್ ಮಷಿನ್ ಹಚ್ಚಿದರೆ ಫರ್ಸಿಯ ಅಂಚು ಒಡೆಯುತ್ತದೆ, ನಾನು ಎರಡು ಒಡೆದೆ. ಉಳಿ, ಸುತ್ತಿಗೆ, ಮುರಿದ ಹ್ಯಾಕ್ಸಾ ಬ್ಲೇಡು, ತಂತಿ ಬ್ರಷ್. ಒಂದೂವರೆ ಇಂಚು ಆಳ. ಹನ್ನೊಂದು ದಿನ ಹಿಡಿಯಿತು, ಎರಡು ದಿನ ಮಾತ್ರ ಆಳು ಹಚ್ಚಿದೆ. ತುಂಬುವ ಹಿಂದಿನ ರಾತ್ರಿ ಸಂದಿಗೆ ನೀರು ಕುಡಿಸಬೇಕು. ಸಂಜೆ ಐದರ ಮೇಲೆ ಗಾರೆ ತುಂಬಿ ಮೇಲೆ ಹಸಿ ಗೋಣಿ. ಮರುದಿನ ಬೆಳಿಗ್ಗೆ ಗೋಣಿ ಎತ್ತಿ, ಸಣ್ಣ ಮರದ ಹಲಗೆಯ ಅಂಚಿನಿಂದ ಸಂದಿನ ಉದ್ದಕ್ಕೂ ಟಕ್ ಟಕ್ ಅಂತ ಬಡಿಯುತ್ತಾ ಹೋಗಬೇಕು. ಮೊದಲು ಸಪ್ಪಳ ಮೆತ್ತಗೆ ಬರುತ್ತದೆ, ಮೇಲೆ ನೀರು ಜಿನುಗುತ್ತದೆ. ಮೂರನೇ ದಿನಕ್ಕೆ ಸಪ್ಪಳ ಬಿಗಿಯಾಗುತ್ತದೆ, ಕೈಗೇ ಗೊತ್ತಾಗುತ್ತದೆ. ಆಮೇಲೆ ಹದಿನೈದು ದಿನ ಗೋಣಿ ಒಣಗಲು ಬಿಡಲಿಲ್ಲ. ಕೊನೆಕೊನೆಗೆ ನನ್ನ ಹೆಂಡತಿಯೇ ಬಟ್ಟೆ ಒಣಹಾಕಲು ಬಂದಾಗ ನೀರು ಹೊಡೆಯುತ್ತಿದ್ದಳು. ಎಲ್ಲ ಸೇರಿ ಖರ್ಚು ಮೂರು ಸಾವಿರದೊಳಗೆ.

ಉಳಿದ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಸೇರಿಸಿ ಮಾಳಿಗೆಗೆಲ್ಲ ಬಳಿದೆ. ಮೇ ಮಧ್ಯಾಹ್ನ ಕೋಣೆ ಮೂರು ಡಿಗ್ರಿಯಷ್ಟು ತಂಪಾಯಿತು, ಹಳೇ ಥರ್ಮಾಮೀಟರ್ ನೋಡಿ ಹೇಳ್ತಿದೀನಿ. ಆ ಒಂದು ಬೇಸಿಗೆಯಲ್ಲಿ ನಾನು ಓದಿದಷ್ಟು ಪುಸ್ತಕ ಹಿಂದಿನ ಮೂರು ಬೇಸಿಗೆ ಸೇರಿಸಿದರೂ ಓದಿರಲಿಲ್ಲ.

ನೆನೆದ ಪುಸ್ತಕಗಳ ಮೇಲೂ ಪ್ರಯೋಗ ನಡೆಯಿತು. ಬಿಸಿಲಿಗಿಟ್ಟವು ಬಾಗಿ ದೋಣಿಯಾದವು. ನುಣುಪು ಕಾಗದದ ವಿಶೇಷಾಂಕಗಳ ಹಾಳೆ ಒಂದಕ್ಕೊಂದು ಅಂಟಿ ಇಟ್ಟಿಗೆಯಾದವು. ಆಮೇಲೆ ಒದ್ದೆಯಾದ ತಕ್ಷಣ ಒಂದನ್ನು ಫ್ರೀಜರಿನಲ್ಲಿಟ್ಟೆ. "ಹಾಲಿಡೋ ಜಾಗದಾಗ ಕೊಲಿ ಕಥಿ ಇಟ್ಟೀರಲ್ರಿ" ಅಂತ ಮನೆಯಲ್ಲಿ ಜಗಳ. ನಾಲ್ಕು ವಾರಕ್ಕೆ ಹೊರಗೆ ತೆಗೆದು ಹಾಳೆಗಳ ನಡುವೆ ಪೇಪರ್ ಇಟ್ಟು ಫ್ಯಾನಿನ ಗಾಳಿಗೆ ಬಿಟ್ಟೆ. ಸ್ವಲ್ಪ ಅಲೆ ಅಲೆ ಆಗಿದೆ, ಆದರೆ ಪ್ರತಿ ಹಾಳೆ ಬಿಡಿಸಿಕೊಂಡಿದೆ. ಕಿತ್ತುಹೋದ ಬೆನ್ನುಗಳಿಗೆ ಮೈದಾ ಅಂಟು, ಅದರಲ್ಲಿ ಚಿಟಿಕೆ ಮೈಲುತುತ್ತ. ಹುಳ ಮುಟ್ಟುವುದಿಲ್ಲ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಹುಷಾರು.

ಎಲ್ಲ ಸರಿಯಾಗಿದೆ ಅಂತಲ್ಲ. ನೀರು ಹೋಗುವ ಪೈಪಿನ ಬಾಯಿಯ ಹತ್ತಿರ ಒಂದು ಗೇಣು ಇನ್ನೂ ಹಸಿ ಹಿಡಿಯುತ್ತದೆ. ಪ್ಲಾಸ್ಟಿಕ್ಕಿಗೂ ಸುಣ್ಣಕ್ಕೂ ಕೂಡಿಬರುತ್ತಿಲ್ಲ. ಈ ದಸರೆ ಆದಮೇಲೆ ಅಲ್ಲಿ ಸೆಣಬಿನ ನಾರು ಕೊಟ್ಟು ನೋಡಬೇಕು.

ಮೊನ್ನೆ ಮಳೆ ನಿಂತ ಮೇಲೆ ಗೌಂಡಿ ತಾನಾಗಿ ಬಂದ. ಮಾಳಿಗೆ ಹತ್ತಿ ಕುಕ್ಕರಗಾಲಲ್ಲಿ ಕೂತು ಸಂದನ್ನು ಉಗುರಿಂದ ಗೀರಿದ. ಆಮೇಲೆ ಜೇಬಿನಿಂದ ಮೊಳೆ ತೆಗೆದು ಗೀರಿದ. ನನ್ನ ಕಡೆ ನೋಡದೆ, "ಸರ, ಆ ಕಾಯಿ ಎಷ್ಟ ಹಾಕ್ದಿರಿ?" ಅಂದ. ಕೆಳಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿ ಕಳಿಸಿದೆ.